ಸನ್ಯಾಸಿ ಬಸ್ಸು, ಪೊರಕೆ ಮತ್ತು ನನ್ನ ಮೂಗು

ಫೆಬ್ರವರಿ 10, ಸೋಮವಾರ

ಟೈರು ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇಷ್ಟು ದಿನ ಅಲುಗಾಡುವ ಮೇಜಿನ ಕಾಲಿನ ಕೆಳಗಿತ್ತು. ಇವತ್ತು ಎಳೆದು ತೆಗೆದೆ. ಮೇಜು ಅಲುಗಾಡಿದರೆ ಅಲುಗಾಡಲಿ. ಹೊಟ್ಟೆಯಲ್ಲಿರುವುದನ್ನು ಎಲ್ಲಾದರೂ ಕಕ್ಕದಿದ್ದರೆ ನನಗೆ ನಿದ್ದೆ ಬರುವುದಿಲ್ಲ, ಹೆಂಡತಿಯ ಮುಂದೆ ಕಕ್ಕಿದರೆ ಅವಳಿಗೆ ಬರುವುದಿಲ್ಲ.

ನಮ್ಮ ಡಿಪೋಗೆ ಹೈಡ್ರೋಜನ್ ಬಸ್ಸು ಬಂತು. ಮೈತುಂಬ ಹಸಿರು ಎಲೆ, ನೀಲಿ ಹನಿಗಳ ಚಿತ್ರ. ಹೊಗೆ ಬಿಡುವುದಿಲ್ಲವಂತೆ, ಬರೀ ನೀರು ಬಿಡುತ್ತದಂತೆ. ಭಾಷಣ ಮಾಡಿದವರೆಲ್ಲ ಹೈಡ್ರೋಜನ್ನಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಲೋಕದಲ್ಲಿ ಅದಕ್ಕಿಂತ ಹಗುರವಾದದ್ದು ಬೇರೆ ಇಲ್ಲ ಎಂದು ಹೊಗಳಿದರು. ಇಷ್ಟೆಲ್ಲ ಗುಣ ನಮ್ಮ ಕ್ಯಾಂಟೀನಿನ ಟೀಗೂ ಇದೆ, ಅದಕ್ಕೆ ಯಾರೂ ಹಾರ ಹಾಕಿಲ್ಲ. ಬಣ್ಣ, ರುಚಿ, ವಾಸನೆ ಎಲ್ಲ ಬಿಟ್ಟು ಬರೀ ನೀರಿನ ಮೇಲೆ ನಿಂತಿರುವ ಈ ಬಸ್ಸಿಗೆ ನಾನು ಸನ್ಯಾಸಿ ಎಂದು ಹೆಸರಿಟ್ಟೆ. ಸಂಜೆಯೊಳಗೆ ಡಿಪೋದಲ್ಲೆಲ್ಲ ಅದೇ ಹೆಸರಾಯಿತು.

ಮ್ಯಾನೇಜರ್ ಸಾಹೇಬರು ಪೈಪಿನಿಂದ ತೊಟ್ಟಿಕ್ಕಿದ ನೀರನ್ನು ಲೋಟದಲ್ಲಿ ಹಿಡಿಸಿ, ಫೋಟೋಗಾಗಿ ಕುಡಿಸಿದರು. ಕುಡಿದವನು ಬೇರೆ ಯಾರೂ ಅಲ್ಲ, ನನ್ನ ಭಾಮೈದ. ಹೆಂಡತಿಯ ಬೆನ್ನಿಗೆ ಹುಟ್ಟಿದವನು, ಇದೇ ಡಿಪೋದ ಡ್ರೈವರು. ಸನ್ಯಾಸಿಯನ್ನು ಓಡಿಸಲು ಅವನನ್ನೇ ಆರಿಸಿದ್ದಾರೆ. ಕುಡಿದು, "ಚೆನ್ನಾಗಿದೆ ಸಾರ್" ಎಂದ. ಅವನ ಬಾಯಿಂದ ಬೇರೆ ಮಾತು ಬಂದದ್ದನ್ನು ನಾನು ಕೇಳಿಲ್ಲ.

ಅಷ್ಟರಲ್ಲಿ ಇನ್ನೊಂದು ತಮಾಷೆ. ಮೊದಲ ಸಲ ಗ್ಯಾಸು ತುಂಬಿಸುತ್ತಿದ್ದಾಗ ಪಂಪಿನ ಮೇಲಿನ ಚಾವಣಿಯ ಗ್ಯಾಸ್ ಸೆನ್ಸರ್ ಕೀಂ ಎಂದು ಕಿರುಚಿಕೊಂಡಿತು. ಭಾಷಣ ನಿಂತಿತು. ಮ್ಯಾನೇಜರ್ ನಗುಮುಖದಲ್ಲೇ ಹಲ್ಲು ಕಡಿದು, "ಮೊದಲು ಅದರ ಬಾಯಿ ಮುಚ್ಚಿಸ್ರೋ" ಎಂದರು. ಎಲೆಕ್ಟ್ರಿಷಿಯನ್ ಏಣಿ ಹತ್ತಿ ತಂತಿ ಕಿತ್ತ. ಭಾಷಣ ಮುಂದುವರಿಯಿತು.

ಮನೆಗೆ ಬಂದಾಗ ಇವಳು ಎಂದಿನಂತೆ ಬಾಗಿಲಲ್ಲೇ ನನ್ನ ಅಂಗಿ ಮೂಸಿ, "ಹೂಂ, ಡೀಸೆಲ್ಲು. ಬಿಚ್ಚಿ ಬಕೆಟ್ಟಿಗೆ ಹಾಕಿ" ಎಂದಳು. ಮದುವೆಯಾದಾಗಿನಿಂದ ಇದೇ ಸ್ವಾಗತ.

ಫೆಬ್ರವರಿ 12, ಬುಧವಾರ

ಕಂಪನಿಯಿಂದ ತರಬೇತಿ ಕೊಡಲು ಒಬ್ಬಳು ಇಂಜಿನಿಯರ್ ಬಂದಿದ್ದಾಳೆ. ಒಂದು ಕೈಯಲ್ಲಿ ಲ್ಯಾಪ್‌ಟಾಪು, ಇನ್ನೊಂದರಲ್ಲಿ ಉದ್ದ ಹಿಡಿಯ ಪೊರಕೆ. ಕೋಟಿಗಟ್ಟಲೆ ಸುರಿದು ತಂದ ಬಸ್ಸಿನ ಜೊತೆ ಪೊರಕೆ! ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ನಗಿ, ಪರವಾಗಿಲ್ಲ" ಎಂದಳು. "ಹೈಡ್ರೋಜನ್ ಉರಿದರೆ ಹಗಲು ಬೆಳಕಲ್ಲಿ ಆ ಬೆಂಕಿ ಕಣ್ಣಿಗೆ ಕಾಣಲ್ಲ. ಹೊಗೆ ಇಲ್ಲ, ಮಸಿ ಇಲ್ಲ. ಪಕ್ಕದಲ್ಲಿ ನಿಂತರೂ ಸರಿಯಾಗಿ ಝಳ ತಾಗಲ್ಲ. ಒಳಗೆ ಕೈ ಹಾಕಿದ ಮೇಲೇ ಗೊತ್ತಾಗೋದು. ಸೆನ್ಸರ್ ಬರೋ ಮುಂಚಿನವರು ಪೊರಕೆ ಮುಂದೆ ಹಿಡ್ಕೊಂಡು ನಡೀತಿದ್ರು. ಪೊರಕೆ ಹೊತ್ಕೊಂಡರೆ ಅಲ್ಲಿ ಬೆಂಕಿ ಇದೆ ಅಂತ ಅರ್ಥ."

ಅದಕ್ಕೆ ಕಿಡಿ ಹತ್ತಲು ಬೆಂಕಿಕಡ್ಡಿಯೂ ಬೇಡವಂತೆ. ಸ್ವೆಟರ್ ಕಳಚುವಾಗ ಚಟ್ ಅನ್ನುತ್ತದಲ್ಲ, ಅಷ್ಟು ಸಾಕಂತೆ. ಸೋರಿದರೂ ಒಂದು ಪುಣ್ಯ, ಹಗುರವಾದ್ದರಿಂದ ನೆಲದ ಮೇಲೆ ಹರಡದೆ ಸೀದಾ ಆಕಾಶಕ್ಕೆ ಹೋಗುತ್ತದೆ. ಚಾವಣಿ ಅಡ್ಡ ಬಂದರೆ ಅಲ್ಲೇ ಸೇರಿಕೊಳ್ಳುತ್ತದೆ. ಅದಕ್ಕೇ ಸೆನ್ಸರ್ ಇರುವುದು ಚಾವಣಿಯಲ್ಲಿ.

"ಸೆನ್ಸರ್ ಎಲ್ಲಿ?" ಎಂದು ತಲೆ ಎತ್ತಿ ನೋಡಿದಳು.

"ರಿಪೇರಿಗೆ ಹೋಗಿದೆ" ಎಂದರು ಮ್ಯಾನೇಜರ್, ಕಣ್ಣು ಮಿಟುಕಿಸದೆ. "ಏನೂ ಯೋಚನೆ ಮಾಡಬೇಡಮ್ಮ. ನಮ್ಮ ಹತ್ರ ಅದಕ್ಕಿಂತ ದೊಡ್ಡದಿದೆ." ನನ್ನ ಭುಜದ ಮೇಲೆ ಕೈ ಇಟ್ಟರು. "ಇವರು ನಮ್ಮ ಮೆಕ್ಯಾನಿಕ್, ನಮ್ಮ ಮೂಗು. ಹೊಗೆ ಮೂಸಿ ಯಾವ ಬಸ್ಸಿಗೆ ಏನು ಕಾಯಿಲೆ ಅಂತ ಹೇಳ್ತಾರೆ. ಇಡೀ ಊರಿಗೇ ಗೊತ್ತು."

"ಸಾರ್, ಹೈಡ್ರೋಜನ್‌ಗೆ ವಾಸನೆನೇ ಇಲ್ಲ."

"ನಿಮಗೆ ಇಲ್ಲಮ್ಮ. ಇವರಿಗಿದೆ."

ಅವಳು ನನ್ನ ಮುಖ ನೋಡಿದಳು. ನಾನು 'ಇಲ್ಲ' ಎನ್ನಬೇಕಿತ್ತು. ಆದರೆ ಇಷ್ಟು ಜನರ ಮುಂದೆ ಹೊಗಳಿಸಿಕೊಂಡವನು ಹೇಗೆ ಇಲ್ಲ ಎನ್ನಲಿ? ಎದೆ ಸೆಟೆಸಿ ನಿಂತೆ. ತಂತಿ ಕಿತ್ತ ವಿಷಯವನ್ನೂ ಹೇಳಲಿಲ್ಲ. ಪಾಪ, ಅವಳು ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡಿದಳು. ಪಂಪು ನಿಂತಿತ್ತು, ಗುಳ್ಳೆ ಬರಲಿಲ್ಲ. "ಸೆನ್ಸರ್ ವಾಪಸ್ ಬರೋವರೆಗೂ ಗ್ಯಾಸ್ ತುಂಬಿಸಬೇಡಿ" ಎಂದು ಹೇಳಿ ಬೇರೆ ಡಿಪೋಗೆ ಹೋದಳು. ಮ್ಯಾನೇಜರ್ 'ಆಗಲಿ, ಆಗಲಿ' ಎಂದು ತಲೆಯಾಡಿಸಿದರು.

ಫೆಬ್ರವರಿ 13, ಗುರುವಾರ

ಬೆಳಿಗ್ಗೆಯೇ ತುಂಬಿಸಿದರು.

ಫೆಬ್ರವರಿ 18, ಮಂಗಳವಾರ

ನನಗೆ ಹೊಸ ಉದ್ಯೋಗ. ದಿನಾ ಬೆಳಿಗ್ಗೆ ತುಂಬಿಸುವ ಪೈಪಿನ ಹತ್ತಿರ ಹೋಗಿ, ಕಣ್ಣು ಮುಚ್ಚಿ, ಮೂಗು ಚಾಚಿ, ಉಸಿರೆಳೆದು, 'ಸರಿ ಇದೆ' ಎನ್ನಬೇಕು. ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಾರೆ. ಮೊದಲ ದಿನ ನನಗೇ ನಗು ಬಂದಿತ್ತು. ಈಗ ಸ್ವಲ್ಪ ಹೊತ್ತು ಹೆಚ್ಚಾಗಿಯೇ ಕಣ್ಣು ಮುಚ್ಚಿರುತ್ತೇನೆ.

"ಭಾವ ಮೂಸಿದ ಮೇಲೆ ನನಗ್ಯಾವ ಭಯ" ಎಂದು ಭಾಮೈದ ಪೈಪು ಕಳಚಿ ಬಸ್ಸು ಹತ್ತಿ ಹೋಗುತ್ತಾನೆ. ಗೂಬೆ.

ನನಗೂ ಈ ಬಸ್ಸಿಗೂ ಎಣ್ಣೆ ಸೀಗೇಕಾಯಿ. ಮೂರು ತಿಂಗಳ ಪರೀಕ್ಷೆಯಲ್ಲಿ ಇದು ಪಾಸಾದರೆ ಡೀಸೆಲ್ ಬಸ್ಸುಗಳು ಒಂದೊಂದಾಗಿ ಗುಜರಿಗೆ. ಕಪ್ಪು ಹೊಗೆಯೋ, ನೀಲಿ ಹೊಗೆಯೋ, ಎಣ್ಣೆ ಸುಡುತ್ತಿದೆಯೋ ಎಂದು ಮೂಸಿ ಹೇಳುವವನಿಗೆ ಆಮೇಲೆ ಇಲ್ಲಿ ಏನು ಕೆಲಸ? ಪೈಪಿನ ಕೆಳಗೆ ಲೋಟ ಹಿಡಿಯುವುದೇ? ಇದು ಫೇಲಾಗಲಿ ಎಂದು ನಾನು ಬೇಡಿಕೊಳ್ಳುವುದು, ದಿನಾ ಬೆಳಿಗ್ಗೆ ನಾನೇ ಪಾಸು ಮಾಡುವುದು. ನನ್ನ ಹಣೆಬರಹ ನೋಡಿ.

ಮಾರ್ಚ್ 3, ಸೋಮವಾರ

ಹಾಲು ಸೀದುಹೋಯಿತು. ನಾನು ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತಿದ್ದೆನಂತೆ. "ಪಾತ್ರೆ ಕರಿ ಬಡಿದಿದೆ, ಬೀದಿಗೆಲ್ಲ ವಾಸನೆ, ನಿಮಗೆ ಗೊತ್ತಾಗಲಿಲ್ವಾ?" ಎಂದು ಇವಳು ಗದರಿದಳು. ಡಿಪೋದಲ್ಲಿ ದಿನವಿಡೀ ದುಡಿದ ಮೂಗು ಮನೆಯಲ್ಲೂ ಕಾವಲು ಕಾಯಬೇಕೇ ಎಂದು ಕೇಳಿದೆ. ಅವಳು ಪಾತ್ರೆ ತಿಕ್ಕಲು ಕೂತಳು.

ಇವಳು ಹೊಸ ಸೋಪು ತಂದಿದ್ದಾಳೆ. ಹೊದಿಕೆಯ ಮೇಲೆ ಗುಲಾಬಿ, ಒಳಗೆ ಸುಣ್ಣದಕಲ್ಲು. ಅಂಗಡಿಯವರು ಚಿತ್ರಕ್ಕೇ ಕಾಸು ಕೀಳುತ್ತಾರೆ.

ಮಾರ್ಚ್ 14, ಶುಕ್ರವಾರ

ಇವತ್ತು ಮರ್ಯಾದೆ ಹೋಯಿತು. ನಾನು ಮೂಸಿ ಚೆನ್ನಾಗಿದೆ ಎಂದು ಕಳಿಸಿದ ಡೀಸೆಲ್ ಬಸ್ಸು ಸೇತುವೆಯ ಮೇಲೆ ನಿಂತಿತು. ಇಂಜಿನ್ ಆಯಿಲ್ ಸುಟ್ಟು ಸುಟ್ಟು ಒಣಗಿಹೋಗಿತ್ತಂತೆ. ಎಳೆದುಕೊಂಡು ಬಂದವರು, "ಮೂಗಣ್ಣ, ಹಿಂದೆ ಬರೋ ಸ್ಕೂಟರಿನವರಿಗೇ ವಾಸನೆ ಬಡೀತಿತ್ತು, ನಿಮಗೆ ಬರಲಿಲ್ವಾ?" ಎಂದರು.

ನನ್ನ ತಪ್ಪಲ್ಲ. ಈಗಿನ ಡೀಸೆಲ್ಲು ಮೊದಲಿನ ಡೀಸೆಲ್ಲಲ್ಲ. ಏನು ಬೆರೆಸುತ್ತಾರೋ, ಖಾರವೇ ಇಲ್ಲ. ಚಳಿಗಾಲದಲ್ಲಿ ಆ ಜ್ವರ ಬಂದು ವಾರಗಟ್ಟಲೆ ಮಲಗಿದ್ದೆನಲ್ಲ, ಎದ್ದು ಬರುವಷ್ಟರಲ್ಲಿ ಲೋಕದ ಎಲ್ಲ ಸಾಮಾನಿನ ಗುಣಮಟ್ಟವೂ ಬಿದ್ದುಹೋಗಿದೆ. ಡೀಸೆಲ್ಲು, ಸೋಪು, ಟೀಪುಡಿ, ಒಂದೂ ನೆಟ್ಟಗಿಲ್ಲ. ಯಾರೂ ದೂರು ಕೊಡುವುದಿಲ್ಲ ಎನ್ನುವುದೇ ಆಶ್ಚರ್ಯ.

ಮಾರ್ಚ್ 22, ಶನಿವಾರ

ಪೊರಕೆ ಮೇಡಂ ಸರ್ವಿಸ್ ಲೆಕ್ಕ ತೆಗೆದುಕೊಳ್ಳಲು ಒಂದು ಗಂಟೆ ಬಂದಿದ್ದಳು. ಅವಳು ಬರುತ್ತಾಳೆಂದು ಸನ್ಯಾಸಿಯನ್ನು ಹೊರಗೆ ಓಡಿಸಿ, ತುಂಬಿಸುವ ಜಾಗಕ್ಕೆ ಬೀಗ ಹಾಕಿದ್ದರು. ಕ್ಯಾಂಟೀನಿನಲ್ಲಿ ನನಗೆ ಸಿಕ್ಕಳು. ಬೇಕೆಂದೇ ಕೆಣಕಿದೆ.

"ಈ ಹೈಡ್ರೋಜನ್ ಯಾವ ಗಣಿಯಲ್ಲಿ ಸಿಗುತ್ತಮ್ಮ?"

"ಒಂಟಿಯಾಗಿ ಸಿಗೋದು ತುಂಬಾ ಅಪರೂಪ ಸಾರ್. ನೀರಲ್ಲಿ, ಗ್ಯಾಸಲ್ಲಿ, ಎಲ್ಲದರಲ್ಲೂ ಯಾವುದಕ್ಕಾದರೂ ಅಂಟ್ಕೊಂಡೇ ಇರುತ್ತೆ. ಬಿಡಿಸಬೇಕು. ನೀರಿಂದ ಬಿಡಿಸೋಕೆ ಕರೆಂಟ್ ಬೇಕು."

"ಆಮೇಲೆ?"

"ಬಸ್ಸಲ್ಲಿ ಅದು ಗಾಳಿಯ ಆಮ್ಲಜನಕದ ಜೊತೆ ಮತ್ತೆ ಸೇರಿ ನೀರಾಗುತ್ತೆ. ಆಗ ಕರೆಂಟ್ ಬರುತ್ತೆ. ಅದರಿಂದ ಮೋಟಾರು ತಿರುಗುತ್ತೆ."

"ಅಂದರೆ ಕರೆಂಟು ಕೊಟ್ಟು ಕರೆಂಟು ತಗೊಳ್ಳೋದು. ದಾರೀಲಿ ಒಂದಿಷ್ಟು ಕಳ್ಕೊಳ್ಳೋದು. ಎದುರುಮನೆಗೆ ಹೋಗೋಕೆ ಊರು ಸುತ್ತಿ ಬಂದ ಹಾಗಾಯ್ತಲ್ಲ!"

ಸಿಟ್ಟಾಗುತ್ತಾಳೆ ಅಂದುಕೊಂಡೆ. ನಕ್ಕಳು. "ಸರಿಯಾಗೇ ಹೇಳಿದ್ರಿ. ಇದು ಶಕ್ತಿ ಹುಟ್ಟೋ ಜಾಗ ಅಲ್ಲ, ಶಕ್ತಿ ಹೊರೋ ಬುತ್ತಿ ಡಬ್ಬಿ. ಮಧ್ಯಾಹ್ನ ಬಿಸಿಲಿನ ಕರೆಂಟ್ ಬೇಕಾದ್ದಕ್ಕಿಂತ ಜಾಸ್ತಿ ಬಂದು ವ್ಯರ್ಥ ಆಗುತ್ತಲ್ಲ, ಅದನ್ನ ಡಬ್ಬಿಗೆ ತುಂಬಿ ಇಟ್ಕೋಬಹುದು. ಭಾಷಣ ಮಾಡೋರು ಇದನ್ನ ಹೇಳಲ್ಲ. ಈಗ ಸಿಗೋ ಹೈಡ್ರೋಜನ್ ಹೆಚ್ಚಿನದು ನೆಲದಡಿಯ ಗ್ಯಾಸಿಂದಲೇ ತೆಗೆದಿದ್ದು, ಅದರಲ್ಲಿ ಹೊಗೆ ಕಾರ್ಖಾನೆಯಲ್ಲೇ ಬಿಟ್ಟಿರ್ತಾರೆ ಅಷ್ಟೆ. ಅದನ್ನೂ ಹೇಳಲ್ಲ."

ತೂಕಕ್ಕೆ ತೂಕ ಇಟ್ಟರೆ ಡೀಸೆಲ್ಲಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಕಸುವಂತೆ. ಆದರೆ ಹತ್ತಿಯ ಮೂಟೆಯ ಹಾಗೆ ಜಾಗ ತಿನ್ನುತ್ತದೆ. ಅದಕ್ಕೇ ಅಷ್ಟು ಒತ್ತಡದಲ್ಲಿ ಹಿಂಡಿ ತುಂಬುವುದು. ತನ್ನ ಸರಕಿನ ಕುಂದನ್ನು ತಾನೇ ಹೇಳುವ ಮಾರಾಟಗಾರ್ತಿಯನ್ನು ನಾನು ನೋಡಿದ್ದು ಇದೇ ಮೊದಲು. ಅವಳ ಟೀ ದುಡ್ಡು ನಾನೇ ಕೊಟ್ಟೆ. ಯಾಕೆ ಕೊಟ್ಟೆನೋ.

ಮಾರ್ಚ್ 30, ಭಾನುವಾರ

ಇವಳು ತರಕಾರಿಗೆ ಹೋಗಿದ್ದಳು. ನಾನು ಟೀಗೆ ನೀರಿಟ್ಟೆ. ನೀರು ಉಕ್ಕಿ ಬೆಂಕಿ ಆರಿತ್ತು, ಗ್ಯಾಸು ಹಾಗೇ ಬರುತ್ತಿತ್ತು. ನಾನು ಕುರ್ಚಿಯಲ್ಲಿ ಕೂತು ಪದಬಂಧ ತುಂಬುತ್ತಿದ್ದೆ.

ಬಾಗಿಲು ತೆಗೆದವಳೇ ಚೀಲ ಎಸೆದು ಓಡಿದಳು. ಗ್ಯಾಸು ನಿಲ್ಲಿಸಿ, ಕಿಟಕಿಗಳನ್ನೆಲ್ಲ ತೆರೆದು, ನನ್ನನ್ನು ರಟ್ಟೆ ಹಿಡಿದು ಅಂಗಳಕ್ಕೆ ಎಳೆದಳು. ನಾನು ಕೂಗಾಡಿದೆ. ಅವಳು ಕೂಗಲಿಲ್ಲ.

"ಆ ಜ್ವರ ಬಿಟ್ಟಾಗಿನಿಂದ ನೋಡ್ತಾ ಇದ್ದೀನಿ ರೀ" ಎಂದಳು. "ನಿಮಗೆ ವಾಸನೆ ಬರ್ತಾ ಇಲ್ಲ."

"ನಿನ್ನ ತಲೆ!"

"ನಾನು ದಿನಾ ನಿಮ್ಮ ಅಂಗಿ ಮೂಸಿ ಡೀಸೆಲ್ಲು ಅಂತ ಗಟ್ಟಿಯಾಗಿ ಹೇಳ್ತೀನಲ್ಲ. ಮೊದಲೆಲ್ಲ ಬೈಯೋಕೆ ಹೇಳ್ತಿದ್ದೆ. ಈಗ ನಿಮಗೆ ಗೊತ್ತಾಗ್ಲಿ ಅಂತ ಹೇಳ್ತೀನಿ."

ಬಚ್ಚಲಿಗೆ ಹೋಗಿ ಬಕೆಟ್ಟಿನಿಂದ ನಿನ್ನೆಯ ಅಂಗಿ ತೆಗೆದೆ. ಮುಖಕ್ಕೆ ಒತ್ತಿಕೊಂಡೆ. ಬಟ್ಟೆ ಒರಟಾಗಿತ್ತು, ಎಣ್ಣೆ ಜಿಡ್ಡು ಕೆನ್ನೆಗೆ ಮೆತ್ತಿತು. ವಾಸನೆ ಮಾತ್ರ ಇರಲಿಲ್ಲ. ಗುಲಾಬಿ ಸೋಪು ಮೂಸಿದೆ. ಟೀಪುಡಿ ಡಬ್ಬಿ ಮೂಸಿದೆ. ಸೀಮೆಎಣ್ಣೆ ಬಾಟಲಿಗೆ ಮೂಗು ಅದ್ದುವಷ್ಟು ಹತ್ತಿರ ಹಿಡಿದೆ.

ಭಯವಾಗಿದೆ. ಬೇರೇನೂ ಬರೆಯಲಾರೆ.

ಮಾರ್ಚ್ 31, ಸೋಮವಾರ

ಬೆಳಿಗ್ಗೆ ಎಂದಿನಂತೆ ಕಣ್ಣು ಮುಚ್ಚಿ ನಿಂತೆ. ಸರಿ ಇದೆ ಎಂದೆ. ಭಾಮೈದ ಸಿಳ್ಳೆ ಹಾಕುತ್ತ ಪೈಪು ಕಳಚಿದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಇವಳ ಒಬ್ಬನೇ ತಮ್ಮ.



ಏಪ್ರಿಲ್ 2, ಬುಧವಾರ

ಪೊರಕೆ ಮೇಡಂಗೆ ಫೋನು ಮಾಡಿ, ಯಾರದ್ದೋ ವಿಷಯ ಅನ್ನುವ ಹಾಗೆ ಕೇಳಿದೆ. "ತುಂಬಾ ಚುರುಕು ಮೂಗಿದ್ದರೆ ಹೈಡ್ರೋಜನ್ ಗೊತ್ತಾಗುತ್ತಾ?"

"ಯಾವ ಮೂಗಿಗೂ ಗೊತ್ತಾಗಲ್ಲ ಸಾರ್. ಅಡುಗೆ ಗ್ಯಾಸಿಗೆ ಬೇಕಂತಲೇ ಕೆಟ್ಟ ವಾಸನೆ ಬೆರೆಸಿರ್ತಾರೆ. ಇದಕ್ಕೆ ಬೆರೆಸಿದರೆ ಬಸ್ಸಲ್ಲಿ ಕರೆಂಟ್ ಮಾಡೋ ಸೆಲ್ ಹಾಳಾಗುತ್ತೆ, ಅದಕ್ಕೆ ಬೆರೆಸಲ್ಲ. ಯಾಕೆ, ಅಲ್ಲಿ ಯಾರಾದರೂ ಮೂಸ್ತಾ ಇದ್ದಾರಾ?"

ಸಿಗ್ನಲ್ ಹೋಯಿತು ಎಂದು ಹೇಳಿ ಫೋನು ಇಟ್ಟೆ.

ಅಂದರೆ ಇಷ್ಟು ದಿನ ನನ್ನ ಮೂಗು ಚೆನ್ನಾಗಿದ್ದಿದ್ದರೂ ನಾನು ಹೇಳಿದ್ದೆಲ್ಲ ಶುದ್ಧ ಬುರುಡೆಯೇ. ಮೂಗಿದ್ದವನೂ ಇಲ್ಲದವನೂ ಸನ್ಯಾಸಿಯ ಮುಂದೆ ಒಂದೇ. ಇದರಿಂದ ಸಮಾಧಾನವಾಗಬೇಕೋ ನಾಚಿಕೆಯಾಗಬೇಕೋ ತಿಳಿಯಲಿಲ್ಲ. ಎರಡೂ ಆಯಿತು.

ಮ್ಯಾನೇಜರ್ ಕೋಣೆಗೆ ಹೋಗಿ, ಸೆನ್ಸರಿನ ತಂತಿ ಹಾಕಿಸಿ ಎಂದೆ. "ಒಂಬತ್ತನೇ ತಾರೀಕು ಬಸ್ಸು ಪಾಸೋ ಫೇಲೋ ನೋಡೋ ಸಮಿತಿಯವರು ಬರ್ತಾರೆ. ಅವರ ಮುಂದೆ ಅದು ಕಿರುಚಿದರೆ ನನ್ನ ಗತಿ ಏನು? ಅವರು ಹೋಗಲಿ, ಹಾಕಿಸೋಣ" ಎಂದರು. ನನ್ನ ಮೂಗಿನ ವಿಷಯ ತುಟಿಯವರೆಗೆ ಬಂತು. "ಸಮಿತಿಯವರಿಗೆ ನಿಮ್ಮ ಬಗ್ಗೆ ಹೇಳಿದ್ದೀನಿ, ನೋಡಬೇಕಂತೆ" ಎಂದು ಅವರೇ ಬೆನ್ನು ತಟ್ಟಿದರು. ನುಂಗಿಕೊಂಡೆ.

ಮೇಡಂ ಇಲ್ಲೇ ಬಿಟ್ಟುಹೋಗಿದ್ದ, ನಾವು ಮೂಲೆಯಲ್ಲಿ ಜೇಡರ ಬಲೆ ಹೊಡೆಯಲು ಬಳಸುತ್ತಿದ್ದ ಆ ಪೊರಕೆಯನ್ನು ಹುಡುಕಿ ಒರೆಸಿ ಇಟ್ಟಿದ್ದೇನೆ.

ಏಪ್ರಿಲ್ 7, ಸೋಮವಾರ

ಈಗ ಮೂಸುವ ಮುಂಚೆ ಪೊರಕೆಯನ್ನು ಪೈಪಿನ ಉದ್ದಕ್ಕೂ ಆಡಿಸುತ್ತೇನೆ. ಭಾಮೈದನಿಗೆ ನಾನು ಹೇಳುವವರೆಗೂ ಹತ್ತಿರ ಬರಬೇಡ ಎಂದಿದ್ದೇನೆ. ಡಿಪೋದಲ್ಲಿ ನಗುವೋ ನಗು. "ಮೂಗಣ್ಣ ಕಸ ಗುಡಿಸೋಕೆ ಸೇರ್ಕೊಂಡ್ರು" ಎನ್ನುತ್ತಾರೆ. ನಗಲಿ. ನಮ್ಮ ಬಸ್ಸಿನ ಹತ್ತಿರ ಮೊಬೈಲು ಹಿಡಿದುಕೊಂಡು ಬಂದವನನ್ನು ಅಟ್ಟಿಸಿಕೊಂಡು ಹೋದೆ. ನೈಲಾನ್ ಜಾಕೆಟ್ ಹಾಕಿಕೊಂಡವನನ್ನೂ.

ಏಪ್ರಿಲ್ 9, ಬುಧವಾರ

ಅಕ್ಷರ ಸೊಟ್ಟಗಿದ್ದರೆ ಇರಲಿ.

ಸಮಿತಿಯ ಮೂವರು ನಡುಮಧ್ಯಾಹ್ನ ಬಂದರು, ಜೊತೆಗೆ ಪೊರಕೆ ಮೇಡಂ. ಕಣ್ಣು ಕುಕ್ಕುವ ಬಿಸಿಲು. ಅವರಿಗೆ ತೋರಿಸಲೆಂದು ಮ್ಯಾನೇಜರ್ ಮೊದಲೇ ಪಂಪು ಹಾಕಿಸಿ, ಪೂರಾ ಒತ್ತಡದಲ್ಲಿ ತುಂಬಿಸುತ್ತಿದ್ದರು. ಪಂಪಿನ ಗದ್ದಲದಲ್ಲಿ ಮಾತೇ ಕೇಳುತ್ತಿರಲಿಲ್ಲ. ಮೇಡಂ ಚಾವಣಿಯತ್ತ ನೋಡಿದಳು, ಅವಳ ಮುಖದ ಬಣ್ಣ ಬದಲಾಯಿತು. ಅವಳು ಬಾಯಿ ತೆರೆಯುವ ಮೊದಲೇ ಮ್ಯಾನೇಜರ್ ನನ್ನನ್ನು ಮುಂದೆ ತಳ್ಳಿದರು.

"ಇವರೇ ನಮ್ಮ ಮೂಗು! ಬನ್ನಿ, ಮೂಸಿ ತೋರಿಸಿ." ಆಮೇಲೆ ಕಿವಿಯಲ್ಲಿ, "ಆ ದರಿದ್ರ ಪೊರಕೆ ಕೆಳಗಿಡ್ರೀ."

ಭಾಮೈದ ಆಗಲೇ ಪೈಪು ಕಳಚಲು ಕೈಗವಸು ಹಾಕಿಕೊಂಡು ಬರುತ್ತಿದ್ದ. ಭಾವ ಮೂಸುತ್ತಾರೆ, ತಾನು ಕಳಚುತ್ತೇನೆ, ಫೋಟೋ ಬರುತ್ತದೆ ಎಂದು ಮುಖದಲ್ಲಿ ಅದೇ ನಗು. ಅವನ ನಗು ನೋಡಿ ನನ್ನೊಳಗೆ ಏನೋ ಹರಿದುಹೋಯಿತು.

"ಅಲ್ಲೇ ನಿಲ್ಲೋ!" ಎಂದು ಕೂಗಿದೆ. ಮ್ಯಾನೇಜರ್ ಕಡೆ ತಿರುಗಿದೆ. "ಸಾರ್, ನನಗೆ ವಾಸನೆ ಬರಲ್ಲ. ಚಳಿಗಾಲದಿಂದ ಯಾವ ವಾಸನೆನೂ ಬರ್ತಾ ಇಲ್ಲ. ಹೈಡ್ರೋಜನ್ ಅಂತೂ ಯಾರಿಗೂ ಬರಲ್ಲ. ಇಷ್ಟು ದಿನ ನಾನು ಸರಿ ಇದೆ ಅಂದಿದ್ದೆಲ್ಲ ಸುಳ್ಳು. ಸೆನ್ಸರ್ ರಿಪೇರಿಗೂ ಹೋಗಿಲ್ಲ, ತಂತಿ ಕಿತ್ತಿದ್ದೀರಿ."

ನನಗೆ ಅಳು ಬರುವ ಹಾಗಿತ್ತು. ಮುಖ ತೋರಿಸಲಾರದೆ, ಕೆಲಸವನ್ನಾದರೂ ಮುಗಿಸೋಣವೆಂದು ತಿರುಗಿ ಪೊರಕೆಯನ್ನು ಪೈಪಿನ ಜೋಡಣೆಯತ್ತ ಚಾಚಿದೆ. ದಿನಾ ಮೂಗು ಚಾಚುತ್ತಿದ್ದ ಅದೇ ಜಾಗ.

ಪೊರಕೆಯ ತುದಿ ಕೆಂಪಾಯಿತು. ಏನೂ ಇಲ್ಲದ ಗಾಳಿಯಲ್ಲಿ, ಬರೀ ಬೆಳಕಲ್ಲಿ, ಭಗ್ ಎಂದು ಹೊತ್ತಿಕೊಂಡಿತು.

ನಾನು ಪೊರಕೆಯನ್ನೂ ಭಾಮೈದನನ್ನೂ ಒಟ್ಟಿಗೇ ಹಿಂದಕ್ಕೆ ಎಳೆದೆ, ಇಬ್ಬರೂ ಬಿದ್ದೆವು. ಮೇಡಂ ಓಡಿ ಕೆಂಪು ಗುಂಡಿ ಒತ್ತಿದಳು. ಪಂಪು ನಿಂತಿತು, ಗ್ಯಾಸು ನಿಂತಿತು. ಬೆಂಕಿ ಯಾವಾಗ ಆರಿತೋ ಯಾರಿಗೂ ಗೊತ್ತಿಲ್ಲ, ಅದು ಉರಿಯುತ್ತಿದ್ದದ್ದನ್ನೇ ಯಾರೂ ನೋಡಿರಲಿಲ್ಲವಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಇನ್ನೊಂದು ಪೊರಕೆ ಚಾಚಿ ನೋಡಿ, "ಆರಿದೆ" ಎಂದಳು.

ಒತ್ತಡ ಪೂರ್ತಿ ಏರಿದಾಗ ಮಾತ್ರ ಸೋರುವ ಕೂದಲೆಳೆಯಂಥ ಬಿರುಕು. ಉದ್ಘಾಟನೆಯ ದಿನ ಸೆನ್ಸರ್ ಕಿರುಚಿದ್ದು ಇದನ್ನೇ. ದಿನಾ ಸುಮ್ಮನೆ ಸೋರಿಹೋಗುತ್ತಿದ್ದದ್ದಕ್ಕೆ ಇವತ್ತು ಎಲ್ಲಿಂದಲೋ ಒಂದು ಚಟ್ ಕಿಡಿ ತಾಗಿತ್ತು.

ಭಾಮೈದ ನೆಲದ ಮೇಲೆ ಕೂತು ಕರಟಿದ ಪೊರಕೆಯನ್ನೇ ನೋಡುತ್ತಿದ್ದ. "ಭಾವ, ನೀವು ಮೂಸಿದ್ದಿದ್ರೆ ಮುಖ..." ಎಂದ. ಆಮೇಲೆ ತನ್ನ ಕೈ ನೋಡಿಕೊಂಡ. ಮೊದಲ ಸಲ 'ಚೆನ್ನಾಗಿದೆ' ಎನ್ನಲಿಲ್ಲ. ನಾನು ಅವನ ತಲೆಗೆ ಒಂದು ಮೊಟಕಿ, ಅಲ್ಲೇ ಎಲ್ಲರೆದುರು ಅತ್ತುಬಿಟ್ಟೆ.

ಏಪ್ರಿಲ್ 10, ಗುರುವಾರ

ಮ್ಯಾನೇಜರ್ ಸಮಿತಿಗೆ ಏನು ಹೇಳಿದರು ಗೊತ್ತೇ? ಅದು ಮೊದಲೇ ಗೊತ್ತುಮಾಡಿದ ಅಣಕು ಪ್ರದರ್ಶನವಂತೆ. ನನ್ನ ಅಳು, ನಟನೆಯಂತೆ. ಇಬ್ಬರು ಚಪ್ಪಾಳೆ ತಟ್ಟಿದ್ದರು. ಆದರೆ ಮೇಡಂ ಬಿಡಲಿಲ್ಲ. ಕಿತ್ತ ತಂತಿಯ ತುದಿಯನ್ನು ಸಮಿತಿಯ ಮೂರನೆಯವರ ಅಂಗೈಗೆ ಕೊಟ್ಟಳು. ಹೊಸ ಪೈಪು, ಸೆನ್ಸರ್ ಬರುವವರೆಗೆ ಪಂಪಿಗೆ ಸೀಲು.

ನಾನು ಕೆಲಸ ಹೋಯಿತು ಅಂದುಕೊಂಡೇ ಅವಳ ಎದುರು ಕೂತೆ. "ಮೂಗಿಲ್ಲದ ಮೆಕ್ಯಾನಿಕ್ ಯಾರಿಗೆ ಬೇಕಮ್ಮ?" ಎಂದೆ.

"ನನಗೆ ಬೇಕು" ಎಂದಳು. "ಮೂಗು ನಂಬದೆ ಇರೋರು ಬೇಕು."

ಏಪ್ರಿಲ್ 25, ಶುಕ್ರವಾರ

ಪಂಪು ಮತ್ತೆ ಶುರುವಾಯಿತು. ಸೆನ್ಸರಿಗೆ ಜೀವ ಬಂದಿದೆ, ದಿನಾ ನಾನೇ ಏಣಿ ಹತ್ತಿ ಪರೀಕ್ಷಿಸುತ್ತೇನೆ. ಮ್ಯಾನೇಜರ್ ದೊಡ್ಡ ಬೋರ್ಡು ಬರೆಸಿ ಹಾಕಿದ್ದಾರೆ: 'ಇಲ್ಲಿ ಮೂಸುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ.' ಮೂಸುತ್ತಿದ್ದವನು ಲೋಕದಲ್ಲಿ ನಾನೊಬ್ಬನೇ. ಬೋರ್ಡಿಗೆ ಬಣ್ಣ ಬಳಿದದ್ದೂ ನಾನೇ.

ಎರಡು ವಾರದಿಂದ ನಾನು ಡೀಸೆಲ್ ಕಡೆಗೆ ಹೋಗಿಲ್ಲ. ಪರೀಕ್ಷೆಯ ಅವಧಿ ಮುಂದೂಡಿದ್ದಾರಂತೆ. ನಮ್ಮ ಬಸ್ಸನ್ನು ಫೇಲು ಮಾಡಲಿ ನೋಡೋಣ, ಸಮಿತಿಯವರ ಗ್ರಹಚಾರ ಬಿಡಿಸುತ್ತೇನೆ.

ಸಂಜೆ ಬಾಗಿಲಲ್ಲಿ ಇವಳು ಎಂದಿನಂತೆ ನನ್ನ ಅಂಗಿಗೆ ಮೂಗು ತಂದಳು. ಡೀಸೆಲ್ಲು ಎನ್ನಲಿಲ್ಲ. ಕಾಲರು ಹಿಡಿದು ಇನ್ನೊಮ್ಮೆ ಮೂಸಿದಳು. ತೋಳು ಮೂಸಿದಳು.

"ಏನು?" ಎಂದೆ.

"ಏನೂ ವಾಸನೆ ಇಲ್ಲ ರೀ."

ಇಷ್ಟು ವರ್ಷ ಆ ವಾಸನೆಗೆ ಬೈದವಳು. ಇವತ್ತು ಅಂಗಿ ಬಿಚ್ಚಿಸಿಕೊಂಡು, ಬಕೆಟ್ಟಿಗೆ ಹಾಕದೆ, ಎರಡು ಕೈಯಲ್ಲೂ ಹಿಡಿದು ಮುಖಕ್ಕೆ ಒತ್ತಿಕೊಂಡು ಹುಡುಕುತ್ತಿದ್ದಳು. ಕಣ್ಣು ಒದ್ದೆಯಾಗಿತ್ತು. ನಾನು ಇನ್ನೊಂದು ತೋಳು ಹಿಡಿದು ಮೂಸಿ ನೋಡಿದೆ.

"ನನಗೂ ಬರ್ತಾ ಇಲ್ಲ ಕಣೆ" ಎಂದೆ.

ಇಬ್ಬರೂ ನಕ್ಕೆವು. ಅಂಗಿಯನ್ನು ಒಗೆಯಲಿಲ್ಲ, ಮೊಳೆಗೆ ನೇತುಹಾಕಿದಳು. ನಾಳೆಗೂ ಅದೇ ಅಂಗಿ ನಡೆಯುತ್ತದಂತೆ.